ಎರಡು ಬಿಲ್ಲೆಯ ನಾಟಕ ಆಡಿಸಿದ ಮೆಲಿ

ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ಪೇಟೆ ನಡುವಿನ ದೊಡ್ಡ ರಂಗಮಂದಿರದಲ್ಲಿ ಎರ್ಮೆಲಿಂದಾ ಕಾಂತು ಆರು ನಾಟಕಗಳಲ್ಲಿ ಪಾತ್ರ ಮಾಡಿದಳು. ಆರರಲ್ಲೂ ಮನೆಗೆಲಸದವಳೇ. "ಕಾಫಿ ತಂದಿದೀನಿ ಅಮ್ಮಾವ್ರೇ", "ಯಾರೋ ಬಂದಿದಾರೆ ಅಮ್ಮಾವ್ರೇ", ಇದರಾಚೆ ಅವಳಿಗೆ ಮಾತು ಕೊಟ್ಟವರಿಲ್ಲ. ಒಂದರಲ್ಲಂತೂ ಬರೀ ಅಳುವುದಿತ್ತು.

ಊರಿನ ಪಶ್ಚಿಮಕ್ಕಿದ್ದ ಮೆಕ್ಸಿಕೋ ಮೂಲದವರ ಕೇರಿಯಲ್ಲಿ ಅವಳು ಎಲ್ಲರಿಗೂ ಮೆಲಿ. ತಾಯಿ ಕೂಕಾ ಮಕ್ಕಳ ಫ್ರಾಕು ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಲರು ಕೂಡಿಸುತ್ತಿದ್ದಳು. ಮಗಳ ನಾಟಕ ಅಂದರೆ ಸಾಕು, ನಾಲ್ಕಾರು ಗೆಳತಿಯರನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಇಂಗ್ಲಿಷು ಒಬ್ಬರಿಗೂ ತಿಳಿಯದು. ಮೆಲಿ ಕಾಣಿಸಿಕೊಂಡೊಡನೆ ಚಪ್ಪಾಳೆ ತಟ್ಟುವುದಷ್ಟೇ ಅವರ ಕೆಲಸ.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಏಳನೇ ನಾಟಕ ಬಂತು. ಮತ್ತೆ ಕೆಲಸದವಳ ಪಾತ್ರ. "ಈ ಸಲ ಸ್ವಲ್ಪ ಕುಂಟಿಕೊಂಡು ಬಾ, ಜನ ನಗ್ತಾರೆ" ಎಂದ ನಿರ್ದೇಶಕ. ಮೊದಲ ಪ್ರದರ್ಶನದ ಸಂಜೆ ಮೆಲಿ ಕಾಫಿ ತಟ್ಟೆ ಹಿಡಿದು ನೆಟ್ಟಗೆ ನಡೆದು ಬಂದಳು. ತಟ್ಟೆಯನ್ನು ರಂಗದ ನಡುವೆ ನೆಲಕ್ಕಿಟ್ಟಳು. ಪ್ರೇಕ್ಷಕರತ್ತ ತಿರುಗಿ ಸ್ಪ್ಯಾನಿಷಿನಲ್ಲಿ ಹೇಳಿದಳು:

"ಈ ಹೆಂಗಸಿಗೆ ಇವ್ರು ಹೆಸರೇ ಇಟ್ಟಿಲ್ಲ. ನಾನಿಡ್ತೀನಿ. ಇವಳು ತೋಮಾಸಾ. ಮೂರು ಮಕ್ಕಳ ತಾಯಿ. ಕಾಲು ಚೆನ್ನಾಗೇ ಇದೆ. ಇವತ್ತು ಇವಳಿಗೆ ರಜೆ."

ಮೆಟ್ಟಿಲಿಳಿದು, ಜನರ ನಡುವೆಯೇ ಹಾದು ಹೊರಟುಹೋದಳು. ಹಿಂದಿನ ಸಾಲಿನಲ್ಲಿ ಸಿಳ್ಳೆಯೋ ಸಿಳ್ಳೆ.

ಬಸ್ಸಿನಲ್ಲಿ ಕೂಕಾ ಬೈದಳು. "ಅನ್ನದ ದಾರಿಗೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೇ!"

"ಕೆಲಸದವಳಾಗೋಕೆ ನಾಟಕ ಯಾತಕ್ಕಮ್ಮಾ? ನಿಜವಾಗ್ಲೇ ಆಗಬಹುದಲ್ಲ."

"ಬಾಯಿ ನೋಡು ಇವಳ್ದು! ಥೇಟ್ ಇವರಪ್ಪಂದು."

ಪಕ್ಕದಲ್ಲಿದ್ದ ಕಾರ್ಖಾನೆಯ ಗೆಳತಿ ಚಾವೇಲಾ ಬಿಡಲಿಲ್ಲ. "ಅವನ ಬಾಯಿ ಊಟಕ್ಕೆ ಬಿಟ್ರೆ ಯಾವತ್ತು ತೆರೀತೇ? ಇದು ನಿಂದೇ ಕಣೇ ಕೂಕಾ."

ಆ ಚಳಿಗಾಲದಲ್ಲಿ ಮೆಲಿ ಬರೆಯಲು ಕೂತಳು. ದಿನವೂ ಸಂಜೆ ತಾಯಿ ಸೂಜಿ ಚುಚ್ಚಿದ ಬೆರಳುಗಳನ್ನು ಬಿಸಿ ಉಪ್ಪುನೀರಿನಲ್ಲಿ ಅದ್ದಿಕೊಂಡು ಗೊಣಗುತ್ತಿದ್ದುದೇ ಅವಳಿಗೆ ಸಾಮಗ್ರಿ. ಕಾರ್ಖಾನೆಯಲ್ಲಿ ನೂರ ನಲವತ್ತು ಹೆಂಗಸರು. ಶೌಚಕ್ಕೆ ಹೋಗಬೇಕಾದರೆ ಕೊರಳಿಗೆ ಮರದ ಬಿಲ್ಲೆ ತೂಗಿಹಾಕಿಕೊಳ್ಳಬೇಕು. ಬಿಲ್ಲೆ ಇದ್ದದ್ದು ಎರಡೇ. ನಾಟಕಕ್ಕೂ ಅದೇ ಹೆಸರಾಯಿತು.

ಇಗರ್ಜಿಯ ಸಭಾಂಗಣ ಕೊಡುತ್ತೇನೆಂದಿದ್ದ ಪಾದ್ರಿ, ಆಟಕ್ಕೆ ಎರಡು ದಿನವಿದೆ ಎನ್ನುವಾಗ ಬೆವರೊರೆಸಿಕೊಳ್ಳುತ್ತ ಮನೆ ಬಾಗಿಲಿಗೆ ಬಂದ. "ಮಗಳೇ, ನಮ್ಮ ಮಕ್ಕಳಿಗೆ ಕ್ರಿಸ್ಮಸ್ ಉಡುಗೊರೆ ಬರೋದು ಆ ಕಾರ್ಖಾನೆಯವರಿಂದ. ನನ್ನ ಕಷ್ಟ ಅರ್ಥ ಮಾಡ್ಕೋ."

"ಅರ್ಥ ಆಯ್ತು ಫಾದರ್. ಬೀಗ ನಿಮ್ಮದು, ನೀವೇ ಇಟ್ಕೊಳ್ಳಿ. ನಾಟಕ ನಮ್ಮದು."

ಭಾನುವಾರ ಪೂಜೆ ಮುಗಿದ ಮೇಲೆ ಅದೇ ಕೇರಿಯ ದೋನ್ ತಾಚೊನ ಟೈರು ಅಂಗಡಿಯ ಅಂಗಳದಲ್ಲಿ ಆಟವಾಯಿತು. ಜನ ಮನೆಮನೆಯಿಂದ ಕುರ್ಚಿ ಹೊತ್ತು ತಂದರು. "ನನ್ನ ಕುರ್ಚಿ ಯಾರೂ ಎತ್ಕೊಂಡು ಹೋಗದಿರಲಿ ಅಂತ ಬಂದೆ ಅಷ್ಟೇ" ಎನ್ನುತ್ತ ಕೂಕಾಳೂ ಬಂದು ಕೂತಳು. ಅವಳ ಪಾತ್ರವನ್ನು ಕಾಲೇಜು ಹುಡುಗಿಯೊಬ್ಬಳು ಮಾಡುತ್ತಿದ್ದಳು. ಅರ್ಧ ಗಂಟೆ ಕಳೆದಿರಬೇಕು, ಕೂಕಾ ಎದ್ದು ನಿಂತಳು.

"ಹಾಗಲ್ಲ ಕಣೇ ಕಾಲರ್ ತಿರುವೋದು! ಬೆರಳು ಹೋಗುತ್ತೆ! ಏಳು, ಏಳಲ್ಲಿಂದ."

ಜನ ನಕ್ಕರು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಹೇಗೆ ತಿರುವಬೇಕೆಂದು ತೋರಿಸಿದಳು. ಆದರೆ ಏಳಲಿಲ್ಲ. ತಲೆ ತಗ್ಗಿಸಿಕೊಂಡೇ ಮಾತು ತೆಗೆದಳು. ಅರವತ್ನಾಲ್ಕನೇ ಇಸವಿಯಲ್ಲಿ ತಾನು ಬಸುರಿ, ಏಳು ತಿಂಗಳು. ಎರಡು ಬಿಲ್ಲೆಯೂ ಬೇರೆಯವರ ಕೊರಳಲ್ಲಿದ್ದವು. ಕಾದಳು, ಕಾದಳು, ಕೂತಲ್ಲೇ ಒದ್ದೆಯಾಯಿತು. ಮೇಸ್ತ್ರಿ ಎಲ್ಲರೆದುರಿಗೆ ಅವಳ ಕೈಯಲ್ಲೇ ನೆಲ ಒರೆಸಿಸಿದ.

"ಅವತ್ತು ಒರೆಸಿದೆ. ಇವತ್ತು ಹೇಳ್ತಿದೀನಿ. ನಾಚಿಕೆ ಆಗಬೇಕಾದ್ದು ನನಗಲ್ಲ."

ಈ ಮಾತು ಮೆಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ತನ್ನ ಮುಂದಿನ ಮಾತು ಮರೆತು ನಿಂತೇಬಿಟ್ಟಳು.

ಸೋಮವಾರ ಕಾರ್ಖಾನೆಯ ಬಾಗಿಲಲ್ಲೇ ಕೂಕಾಳನ್ನು ತಡೆದು, ನಿನಗಿಲ್ಲಿ ಜಾಗವಿಲ್ಲ ಎಂದರು. ಮೆಲಿ ಅಡುಗೆಮನೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನನ್ನಿಂದಾಯ್ತಮ್ಮಾ."

"ನಿನ್ನಿಂದ ಯಾಕಾಗುತ್ತೆ? ಮಾತಾಡಿದ್ದು ನನ್ನ ಬಾಯಿ. ಮೂಗು ಒರೆಸ್ಕೋ. ಮುಂದಿನ ವಾರ ಆಟ ಎಷ್ಟೊತ್ತಿಗೆ?"

ಅದೇ ವಾರ ಚಾವೇಲಾ ಹಣ್ಣಿನ ಪೆಟ್ಟಿಗೆಯ ಹಲಗೆ ಕತ್ತರಿಸಿ ಬಿಲ್ಲೆ ಮಾಡಿ ಹಂಚಿದಳು. ನಲವತ್ತು ಹೆಂಗಸರು ಅದನ್ನು ಕೊರಳಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋದರು. ಮರುದಿನ ತೊಂಬತ್ತು. ತಿಂಗಳೊಳಗೆ ಬಿಲ್ಲೆಯ ಪದ್ಧತಿ ನಿಂತಿತು. ಕೂಕಾಳನ್ನು ಮಾತ್ರ ಮರಳಿ ಕರೆಯಲಿಲ್ಲ. ಅವಳೂ ಕೇಳಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ನಟಿಯಾದಳು.

ಮುಂದಿನ ಹದಿನಾರು ವರ್ಷ ತಾಯಿಮಗಳು ಹಳೆಯ ವ್ಯಾನೊಂದರಲ್ಲಿ ದಕ್ಷಿಣ ಟೆಕ್ಸಸ್ ಸುತ್ತಿದರು. ಮೆಲಿ ಬರೆದಳು, ಆಡಿಸಿದಳು, ಆಡಿದಳು. ಒಂದೂರಲ್ಲಿ ಪೊಲೀಸರು ದೀಪ ಆರಿಸಿದರೆ ವ್ಯಾನಿನ ದೀಪದಲ್ಲಿ ಆಟ ಮುಗಿಸಿದಳು. ಮದುವೆಯಾಗುತ್ತೇನೆಂದವನೊಬ್ಬ ನಾಟಕ ಬಿಡು ಎಂದ. ಬಿಟ್ಟದ್ದು ಅವನನ್ನು.

ತೊಂಬತ್ನಾಲ್ಕರಲ್ಲಿ ದೊಡ್ಡ ರಂಗಮಂದಿರದಿಂದ ಕರೆ ಬಂತು. ಹೊಸ ನಿರ್ದೇಶಕ ನಯವಾದ ಮನುಷ್ಯ. 'ಎರಡು ಬಿಲ್ಲೆ'ಯನ್ನು ಇಂಗ್ಲಿಷಿನಲ್ಲಿ, ತರಬೇತಿ ಪಡೆದ ನಟಿಯರಿಂದ ಆಡಿಸುವುದು ಅವನ ಆಸೆ.

"ಭಾಷೆ ಇದ್ದ ಹಾಗೇ ಇರುತ್ತೆ. ಆಡಿಸೋಳು ನಾನು. ಕೂಕಾ ಪಾತ್ರ ಕೂಕಾಂದು" ಎಂದಳು ಮೆಲಿ.

"ಅವರಿಗೆ ಅರವತ್ತೆಂಟಲ್ವಾ? ಮಾತು ಮರೆತ್ರೆ?"

"ಮರೆತ್ರೆ ಹೊಸದು ಹೇಳ್ತಾಳೆ. ನಿಮ್ಮ ಹೆದರಿಕೆ ಅದಕ್ಕೇ ತಾನೇ?"

ಮೆಲಿ ಕೈಚೀಲ ಎತ್ತಿಕೊಂಡು ಹೊರಟಳು. ತಿಂಗಳಾದ ಮೇಲೆ ಅವನೇ ಒಪ್ಪಿ ಫೋನು ಮಾಡಿದ. ಮೊದಲ ಸಂಜೆ ಮಧ್ಯಂತರದಲ್ಲಿ ಮುಂದಿನ ಸಾಲುಗಳು ಅರ್ಧ ಖಾಲಿಯಾದವು. ಮಾತು ತಿಳಿಯಲಿಲ್ಲ ಎಂದು ಕೆಲವರು ಸಿಟ್ಟಿನ ಪತ್ರ ಬರೆದರು. ಮಾರನೇ ದಿನದಿಂದ ಕೇರಿಯವರು ಬಸ್ಸು ಮಾಡಿಕೊಂಡು ಬಂದು ಆ ಸಾಲುಗಳಲ್ಲೇ ಕೂತರು. ರಂಗಮಂದಿರ ಮತ್ತೆ ಅವಳನ್ನು ಕರೆಯಲಿಲ್ಲ. ಅವಳು ಅದಕ್ಕೆ ನಿದ್ದೆಗೆಡಲೂ ಇಲ್ಲ.

ಕೂಕಾ ತೀರಿಕೊಂಡು ಎಷ್ಟೋ ವರ್ಷವಾಯಿತು. ಮೆಲಿಗೀಗ ಎಪ್ಪತ್ತು ದಾಟಿದೆ, ಎಡಮಂಡಿ ಮಡಚುವುದಿಲ್ಲ. ಹೋಟೆಲು ಕಟ್ಟಲು ಕೇರಿಯ ಒಂದು ಬೀದಿಯನ್ನೇ ಒಕ್ಕಲೆಬ್ಬಿಸಿದ್ದಾರೆ. ಅವಳ ಇಪ್ಪತ್ತಮೂರನೆಯ ನಾಟಕ ಆ ಬೀದಿಯದು. ತಾಲೀಮು ಅವಳ ಕಾರು ಶೆಡ್ಡಿನಲ್ಲೇ. ಕಳೆದ ಶನಿವಾರ ನಗರಸಭೆಯವನೊಬ್ಬ ಕಾಗದ ಹಿಡಿದು ಬಂದು, ಪರವಾನಗಿ ಎಲ್ಲಿ ಎಂದು ಕೇಳಿದ.

"ಬಿಸಿಲಲ್ಲಿ ಯಾಕೆ ನಿಂತ್ಕೊಂಡಿದೀಯಪ್ಪಾ, ಒಳಗ್ ಬಾ" ಎಂದಳು ಮೆಲಿ. "ಎರಡನೇ ಅಂಕದಲ್ಲಿ ನಿನ್ನ ಪಾತ್ರಾನೂ ಇದೆ. ಸರಿಯಾಗಿ ಮಾಡಿದೀವಾ ನೋಡಿ ಹೇಳು."