ಮೇನೂ ಬಂದ್, ಬಾಗಿಲೂ ಬಂದ್

ಸಗರದ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಎಲೆಕ್ಟ್ರಾನಿಕ್ಸ್ ಓದಿದೆ. ಒಂದು ವಿಷಯವನ್ನು ಮೂರು ಸಲ ಬರೆದೆ, ಅದನ್ನೂ ಬಿಡಲಿಲ್ಲ. ಯಾದಗಿರಿಯಲ್ಲಿ ಕ್ಯಾಮೆರಾ, ಕಾರ್ಡಿನ ಬೀಗ ಮಾರುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ಕೌಂಟರಿನಲ್ಲೇ ಕೂತೆ. ಹೊರಗಿನ ಕೆಲಸ ಕೊಡಿರೆಂದು ಕೇಳಿ ಕೇಳಿ, ಕೊನೆಗೆ ಮಾಲೀಕರು ಸುರಪುರದ ಒಂದು ಬೀಜದ ಗೋದಾಮನ್ನು ಒಪ್ಪಿಸಿದರು. ಸರಿಹೋದರೆ ಮುಂದೆಯೂ ಹೊರಗೆ, ಕೆಟ್ಟರೆ ಮತ್ತೆ ಕೌಂಟರು.

ಅಲ್ಲಿ ಹಾಕಬೇಕಿದ್ದದ್ದು ಅಯಸ್ಕಾಂತದ ಬೀಗ. ಕರೆಂಟ್ ಇರುವವರೆಗೆ ಬಾಗಿಲನ್ನು ಹಿಡಿದಿರುತ್ತದೆ. ಕರೆಂಟ್ ಸತ್ತರೆ ಬಿಡುತ್ತದೆ, ಒಳಗಿದ್ದವರು ಸಿಕ್ಕಿಬೀಳಬಾರದೆಂದು. ಆದ್ದರಿಂದ ಪವರ್ ಸಪ್ಲೈ ನೋಡಿ ಆರಿಸಬೇಕು. ಸಾದಾ ಅಡಾಪ್ಟರ್ ಸಾಕೆಂದರು ಮಾಲೀಕರು. ಬ್ಯಾಟರಿ ಜೋಡಿಸುವಂಥದ್ದೇ ಬೇಕೆಂದು ನಾನು ಹಟ ಹಿಡಿದೆ. ಸುರಪುರದಲ್ಲಿ ಕರೆಂಟ್ ಹೋದರೆ ಎಷ್ಟು ಹೊತ್ತು ಹೋಗುತ್ತದೆಂದು ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೆ. ಹೆಚ್ಚೆಂದರೆ ನಾಲ್ಕು ತಾಸು ಎಂದಿದ್ದರು. ನನ್ನ ಬ್ಯಾಟರಿ ಎಂಟು ತಾಸು ತಡೆಯುವಂಥದ್ದು.

ಬೀಗ ಕೂಡಿಸಿ ಬಂದ ಮರುದಿನ ಬೆಳಿಗ್ಗೆ ಗೋದಾಮಿನ ಮ್ಯಾನೇಜರರ ಫೋನ್ ಬಂತು. ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಒಳಗಿನ ಸಾಮಾನು ಇದ್ದಲ್ಲೇ ಇತ್ತು. ಅವರಿಗೆ ಅದರಿಂದ ಸಮಾಧಾನವಾಗಿರಲಿಲ್ಲ.

ಮಾಲೀಕರೂ ನನ್ನ ಜೊತೆ ಬಸ್ ಹತ್ತಿದರು. ಶಹಾಪುರ ಬರುವವರೆಗೆ ಬ್ಯಾಟರಿಯ ಬಿಲ್ಲನ್ನು ನೋಡುತ್ತಿದ್ದರು. ಶಹಾಪುರ ದಾಟಿದ ಮೇಲೂ ಅದನ್ನೇ ನೋಡುತ್ತಿದ್ದರು.

ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು. ಊರಲ್ಲಿ ಕರೆಂಟ್ ಮಾತ್ರ ಹೋಗೇ ಇರಲಿಲ್ಲವಂತೆ. ಹಗಲು ಕಾದು ಸಂಜೆ ಬಾಗಿಲು ಹಾಕಿ ಮನೆಗೆ ಹೋಗುವ ಹಿರಿಯ ಕಾವಲುಗಾರರನ್ನು ಕೇಳಿದೆ.

"ಕಾಕಾ, ಸಂಜಿಗೆ ಮೇನ್ ಸ್ವಿಚ್ ಬಂದ್ ಮಾಡಿದ್ರೇನ್ರಿ?"

"ಮಾಡಲಾರ್ದ ಹೋಗ್ತೀನೇನವ್ವ? ಇಪ್ಪತ್ತು ವರ್ಷದಿಂದ ಮಾಡಾಕತ್ತೇನಿ. ನೀನೂ ಹೇಳಿದ್ಯಲ್ಲ, ಎಲ್ಲಾ ಬಂದ್ ಮಾಡಿ ಹೋಗ್ರಿ ಅಂತ."

ಹೇಳಿದ್ದು ನಿಜ. ನಾನು ಹೇಳಿದ್ದು ಬಾಗಿಲುಗಳ ಬಗ್ಗೆ. ನಮ್ಮ ಕಡೆ ಬಾಗಿಲಿಗೂ ಬಂದ್, ದೀಪಕ್ಕೂ ಬಂದ್, ಮೇನಿಗೂ ಬಂದ್. ಮೇನ್ ಇಳಿದ ಮೇಲೆ ಬೀಗ ಬ್ಯಾಟರಿಯ ಮೇಲೇ ನಿಂತು, ಎಂಟು ತಾಸಿಗೆ ಬಾಗಿಲು ಬಿಟ್ಟಿತ್ತು.

ಯಾರ ತಪ್ಪು ಎಂದು ಮಾಲೀಕರು ಕೇಳಿದರು. ಕಾಕಾ ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡರು.

"ನಂದ್ರಿ," ಅಂದೆ. "ಕರೆಂಟ್ ಎಷ್ಟೊತ್ತು ಹೋಗ್ತದಂತ ಕೇಳಿದೆ. ಯಾರು ಬಂದ್ ಮಾಡ್ತಾರಂತ ಕೇಳಲಿಲ್ಲ."

ದೊಡ್ಡ ಬ್ಯಾಟರಿ ಹಾಕು ಎಂದರು ಮಾಲೀಕರು. ಭಾನುವಾರ, ಹಬ್ಬದ ರಜೆ ಎಲ್ಲ ತಡೆಯುವ ಬ್ಯಾಟರಿಗೆ ಗೋದಾಮಿನಲ್ಲಿ ಇನ್ನೊಂದು ಕೋಣೆ ಬೇಕು ಎಂದೆ. ಇನ್ನು ಮೇಲೆ ಮೇನ್ ಮುಟ್ಟಬೇಡಿರೆಂದು ಕಾಕಾಗೆ ಹೇಳಿದರೆ, ಹಾಗೆ ಬಿಟ್ಟು ಹೋದರೆ ತಮಗೆ ಊಟ ಸೇರುವುದಿಲ್ಲ ಎಂದರು. ಅದಕ್ಕೆ ಬಾಗಿಲಿನ ಲೈನನ್ನು ಬೇರೆ ಮಾಡಿ, ಉಳಿದದ್ದಕ್ಕೆಲ್ಲ ಮೇನಿನಂಥದೇ ದೊಡ್ಡ ಹಿಡಿಯ ಇನ್ನೊಂದು ಸ್ವಿಚ್ ಕೂಡಿಸಿದೆ. ಕಾಕಾ ಅದನ್ನು ಕೆಳಗೆ ಎಳೆದರು. ಫ್ಯಾನು ನಿಂತಿತು. ಹೋಗಿ ಬಾಗಿಲಿಗೆ ಭುಜ ಕೊಟ್ಟು ನೂಕಿದರು. ಅಲುಗಲಿಲ್ಲ.

"ಈಗ ಬಂದ್ ಆತು ನೋಡವ್ವ," ಅಂದರು.

ಯಾದಗಿರಿಯಲ್ಲಿ ಬಸ್ ಇಳಿಯುವಾಗ ಮಾಲೀಕರು, ಸೋಮವಾರ ಕೆಂಭಾವಿಯಲ್ಲಿ ಕೆಲಸವಿದೆ, ನೀನೇ ಹೋಗು ಎಂದರು. ಅಲ್ಲಿ ಇಬ್ಬರು ಕಾವಲುಗಾರರಿದ್ದರು. ಸಂಜೆ ಮೇನ್ ಯಾರು ಬಂದ್ ಮಾಡುತ್ತೀರೆಂದು ಇಬ್ಬರನ್ನೂ ಕೇಳಿದೆ.