ಮಾಸಿಕದ ವರ್ಷ, ಹೊರಗಿನ ಚಹಾ

ಅಮ್ಮ ಹೋದ ಮೇಲಿನ ಕ್ರಿಯೆಗಳೆಲ್ಲ ಮುಗಿದಾಗ ಪುರೋಹಿತ ಭಟ್ರು ನಮ್ಮಿಬ್ಬರು ಮಕ್ಕಳನ್ನು ಎದುರು ಕೂರಿಸಿ ಹೇಳಿದರು: “ವರ್ಷಾಂತಿಕ ಆಗುವ ತನಕ ಹೊರಗಿನದು ಎಂತದೂ ಇಲ್ಲ. ಊಟ ಇಲ್ಲ, ತಿಂಡಿ ಇಲ್ಲ, ಹೋಟೆಲಿನ ಚಹಾ ಸಹ ಇಲ್ಲ. ಅವರ ದಾರಿಗೆ ಅಡ್ಡಿ ಆಗ್ತದೆ.” ಕ್ರಿಯೆ ಹಿಡಿದವನು ಅಣ್ಣ. “ಆಯ್ತು” ಎಂದ. ನಾನೂ ತಲೆ ಆಡಿಸಿದೆ.

ಅಮ್ಮನಿಗೆ ಹೋಟೆಲಿನ ಚಹಾದ ಮೇಲೆ ಮೊದಲಿನಿಂದಲೂ ಸಂಶಯ. ಆಸ್ಪತ್ರೆಗೆಂದು ಹೋದಾಗ ಕುಡಿಯಲೇಬೇಕಾಗಿ ಬಂದರೆ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಇದು ಹಾಲಿನ ಪುಡಿ, ಇದು ನಿನ್ನೆಯ ಚರಟ, ಈ ಗ್ಲಾಸು ಬರೀ ನೀರಿನಲ್ಲಿ ಅದ್ದಿ ತೆಗೆದದ್ದು ಎಂದು ಒಂದೊಂದಾಗಿ ಹೇಳಿ, ಕೊನೆಗೆ ಪೂರ್ತಿ ಕುಡಿದು ಮುಗಿಸುತ್ತಿದ್ದಳು.

ಅವಳು ಉಡುಪಿಯಲ್ಲಿ ನನ್ನ ಮನೆಯಲ್ಲಿಯೇ ಇದ್ದವಳು. ಅವಳು ಹೋದ ಮೇಲೆ ಸಂಜೆ ಹೆಂಡತಿ ಮಾಡುವ ಚಹಾದಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪು ಹುಡುಕುವವರೂ ಇರಲಿಲ್ಲ. ನಾವಿಬ್ಬರೂ ಕುಡಿದು ಲೋಟ ತೊಳೆಯಲು ಹಾಕುತ್ತಿದ್ದೆವು.

ನನಗೆ ಮಣಿಪಾಲದಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಒಂದು ದಿನ ಬೈಂಡಿಂಗ್ ಆದ ಪುಸ್ತಕಗಳನ್ನು ಪರ್ಕಳಕ್ಕೆ ಕೊಟ್ಟು ಬರುವಾಗ ಕಾಲು ತಾನಾಗಿಯೇ ಅಲ್ಲಿಯ ಒಂದು ಹೋಟೆಲಿನೊಳಗೆ ನಡೆಯಿತು. ಚಹಾ ಬಂತು. ಒಂದು ಗುಟುಕು ಕುಡಿದೆ. ‘ಅಡಿ ಹಿಡಿದ ಹಾಲು’ ಎಂದು ಅಮ್ಮ ಹೇಳಿದ್ದು ಕಿವಿಯಲ್ಲಿಯೇ ಕೇಳಿದ ಹಾಗಾಯಿತು.

ಆಮೇಲೆ ವಾರಕ್ಕೊಂದು ಹೊಸ ಜಾಗ ಹುಡುಕತೊಡಗಿದೆ. ಮಠದ ಹತ್ತಿರದ ಬೀದಿಗಳು ಬೇಡ, ಅಲ್ಲಿ ಎಲ್ಲರೂ ನೆಂಟರೇ. ಮಣಿಪಾಲದಲ್ಲಿ ಗಾಜಿನ ಬಾಗಿಲಿನ ಒಂದು ಕೆಫೆಗೆ ಹೋದೆ. ಅಲ್ಲಿ ಕಾಲೇಜಿನ ಮಕ್ಕಳು ಲ್ಯಾಪ್‌ಟಾಪ್ ಬಿಟ್ಟು ತಲೆ ಎತ್ತುವುದಿಲ್ಲ. ಕಾಗದದ ಲೋಟದಲ್ಲಿ ಬಿಸಿನೀರು, ಅದರೊಳಗೆ ನೂಲು ಕಟ್ಟಿ ಇಳಿಬಿಟ್ಟ ಚಹಾದ ಚೀಲ. ಅಮ್ಮ ಇದ್ದಿದ್ದರೆ ಅದನ್ನು ಎತ್ತಿ ಹಿಡಿದು ಹೋಟೆಲಿನವರನ್ನೇ ಕರೆಯುತ್ತಿದ್ದಳು.

ಮುಂದಿನ ತಿಂಗಳ ಮಾಸಿಕ ಶ್ರಾದ್ಧಕ್ಕೆ ಅಣ್ಣ ಕಟಪಾಡಿಯ ತನ್ನ ಮನೆಯಿಂದ ಬಂದ. ಊಟದ ಮಧ್ಯೆ ಎಲೆ ನೋಡಿಕೊಂಡೇ ಹೇಳಿದ: “ಪರ್ಕಳದಲ್ಲಿ ಈಗ ಬನ್ಸಿಗೆ ಬಾಳೆಹಣ್ಣೇ ಹಾಕುವುದಿಲ್ಲ. ಬರೀ ಸೋಡ.”

ಅನ್ನ ಕಲಸುವುದನ್ನು ಬಿಟ್ಟು ಅವನನ್ನೇ ನೋಡಿದೆ. ಇವನಿಗೆ ಯಾರು ಹೇಳಿದರು?

ಆವತ್ತಿನಿಂದ ಎಲ್ಲರ ಮೇಲೂ ಸಂಶಯ. ಪರ್ಕಳದ ಹೋಟೆಲಿನವನು ಚಹಾ ಇಡುವಾಗ ನನ್ನ ಮುಖವನ್ನು ಎರಡು ಸಲ ನೋಡಿದ್ದ. ಪಕ್ಕದ ಮನೆಯ ರಿಕ್ಷಾದವನಿಗೆ ಕಟಪಾಡಿಗೆ ಆಗಾಗ ಬಾಡಿಗೆ ಇರುತ್ತದೆ. ಹೆಂಡತಿಯನ್ನೂ ಬಿಡಲಿಲ್ಲ.

“ಅಣ್ಣನ ಹತ್ತಿರ ಎಂತದಾದರೂ ಹೇಳಿದ್ದಿಯಾ?”

“ಎಂತ ಹೇಳ್ಲಿಕ್ಕೆ? ನಿಮ್ಮ ಅಂಗಿಗೆ ನೀರುಳ್ಳಿ ಬಜೆಯ ಪರಿಮಳ ಉಂಟು ಅಂತಲಾ?”

ಅಂದರೆ ಅವಳಿಗೂ ಗೊತ್ತಿತ್ತು. ಕೆಲವು ದಿನ ಅವಳಿಗೆ ಫೋನು ಬಂದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಹೋಟೆಲಿಗೆ ಮೊಬೈಲಿನಲ್ಲಿ ದುಡ್ಡು ಹಾಕುವುದನ್ನು ಬಿಟ್ಟು ಚಿಲ್ಲರೆ ಇಟ್ಟುಕೊಂಡೆ. ಗೋಡೆಗೆ ಮುಖ ಮಾಡಿ ಕೂರಲು ಕಲಿತೆ. ಅದರ ಮುಂದಿನ ಮಾಸಿಕದಲ್ಲಿ ಅಣ್ಣ, “ಮಣಿಪಾಲದಲ್ಲಿ ಚಹಾಕ್ಕೆ ನೂಲು ಕಟ್ಟಿ ಕೊಡ್ತಾರೆ” ಎಂದ. ನನ್ನಿಂದಾಗಿ ಅಮ್ಮನ ದಾರಿ ಕೆಟ್ಟಿತು ಎಂದು ಒಂದು ದಿನ ಎಲ್ಲರೆದುರು ಹೇಳಲಿಕ್ಕೇ ಇವನು ಕಾಯುತ್ತಿದ್ದಾನೆ ಎಂದುಕೊಂಡೆ.

ಹಾಗಾಗಿ ಕಾಪುವಿಗೆ ಹೋದೆ. ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲು. ನನ್ನ ಪರಿಚಯದವರು ಯಾರೂ ಇರಲಿಕ್ಕಿಲ್ಲ. ಕೈ ತೊಳೆಯಲು ಹೋದವನು ಕನ್ನಡಿಯಲ್ಲಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಅಣ್ಣ. ಎದುರಿಗೆ ಚಹಾ, ಅರ್ಧ ತಿಂದ ಗೋಳಿಬಜೆ.

“ಬಂದೆಯಾ?” ಎಂದ. “ಎಷ್ಟು ದಿವಸದಿಂದ ನನ್ನ ಹಿಂದೆ ಇದ್ದಿ?”

“ನಾನಾ? ನೀನಲ್ವಾ ನನ್ನ ಹಿಂದೆ? ಪರ್ಕಳದ ಬನ್ಸಿನ ಸುದ್ದಿ ತೆಗೆದದ್ದು ಯಾರು?”

“ಅದು ನಾನು ತಿಂದದ್ದು ಮಾರಾಯ! ಬಾಯಿ ತಪ್ಪಿ ಬಂತು. ಊಟ ಬಿಟ್ಟು ನನ್ನನ್ನೇ ನೋಡಿದೆಯಲ್ಲ, ಆಗಲೇ ಗ್ರಹಿಸಿದೆ ಇವನಿಗೆ ಗೊತ್ತಾಯ್ತು ಅಂತ.”

“ಮತ್ತೆ ಮಣಿಪಾಲದ್ದು?”

“ಅಲ್ಲಿಗೂ ಹೋಗಿದ್ದೆ. ನಿನಗೆ ಎಷ್ಟು ಗೊತ್ತುಂಟು ಅಂತ ನೋಡಿದ್ದು.”

ನಾನು ಅವನ ಎದುರು ಕೂತೆ. ನನಗೂ ಒಂದು ಚಹಾ ಬಂತು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. “ಗ್ಲಾಸು ತೊಳೆದ ನೀರೇ ಹಾಕಿದ್ದಾರೆ.”

“ಪುಡಿ ಹಾಲು ಸಹ ಉಂಟು” ಎಂದೆ.

“ಶುಂಠಿ ಹಾಕಿದ್ದು ವಾಸನೆ ಮುಚ್ಚಲಿಕ್ಕೆ.”

ಹೀಗೆ ಹೇಳುತ್ತ ಹೇಳುತ್ತ ಇಬ್ಬರೂ ಪೂರ್ತಿ ಕುಡಿದೆವು. ಅಣ್ಣನ ಕಣ್ಣು ಒದ್ದೆಯಾಗಿತ್ತು. ನಾನು ರಸ್ತೆಯ ಕಡೆ ನೋಡಿದೆ. ಮಾಣಿ ಬಂದು “ಬಿಲ್ಲು ಒಟ್ಟಿಗೆಯಾ?” ಎಂದು ಕೇಳಿದಾಗ ಅಣ್ಣ “ಬೇರೆ ಬೇರೆ” ಎಂದ.

ಬಸ್ಸಿನಲ್ಲಿ ಹಿಂದಿರುಗುವಾಗ ಮತ್ತೆ ಸಂಶಯ ಹತ್ತಿತು. ದರ್ಭೆ ಹಿಡಿಯುವವನು ಅವನು. ಭಟ್ರು ಪ್ರತಿ ತಿಂಗಳೂ ನಿಯಮ ಸರಿ ನಡೆಯುತ್ತಿದೆಯೇ ಎಂದು ಕೇಳುತ್ತಾರೆ, ಅವನು ಪ್ರತಿ ತಿಂಗಳೂ ಹೌದು ಎನ್ನುತ್ತಾನೆ. ಈ ಸಲ ಎಂತ ಹೇಳುತ್ತಾನೋ. ತನ್ನದನ್ನು ಮುಚ್ಚಿ ನನ್ನದನ್ನು ಮಾತ್ರ ಬಿಚ್ಚಿದರೆ?

ಮಾಸಿಕದ ಬೆಳಿಗ್ಗೆ ಭಟ್ರು ಕೇಳಿದರು. ಅಣ್ಣ ಬೆರಳಿಗೆ ಹಾಕಿದ ದರ್ಭೆಯ ಪವಿತ್ರವನ್ನು ಒಮ್ಮೆ ತಿರುಗಿಸಿದ.

“ಹೊರಗೆ ಚಹಾ ಕುಡಿದಿದ್ದೇನೆ” ಎಂದ. ನನ್ನ ಕಡೆ ತಿರುಗಲೂ ಇಲ್ಲ.

“ನಾನೂ” ಎಂದೆ.

ಭಟ್ರು ಇಬ್ಬರನ್ನೂ ನೋಡಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಅಮ್ಮನಿಗೆ ಅಡ್ಡಿ ಆಗಿದೆಯಾ?” ಎಂದು ಕೇಳಿದೆ. ಇಷ್ಟು ತಿಂಗಳು ನನ್ನನ್ನು ಕೊರೆಯುತ್ತಿದ್ದದ್ದು ಅದೊಂದೇ ಪ್ರಶ್ನೆ.

“ಇಲ್ಲ ಅಂದ್ರೆ ನೀವು ನಾಳೆಯೇ ಹೋಗ್ತೀರಿ. ಹೌದು ಅಂದ್ರೆ ನಿದ್ದೆ ಮಾಡ್ಲಿಕ್ಕಿಲ್ಲ. ಕೈ ನೀಡಿ.”

ಉದ್ಧರಣೆಯ ಚಮಚದಿಂದ ಮೊದಲು ಅಣ್ಣನ ಅಂಗೈಗೆ, ಆಮೇಲೆ ನನ್ನ ಅಂಗೈಗೆ ನೀರು ಬಿಟ್ಟರು. ಪ್ರಾಯಶ್ಚಿತ್ತದ ಜಪ ಹೇಳಿಕೊಟ್ಟರು. ಇನ್ನು ಹೋಗುವುದಿಲ್ಲ ಎಂದು ಅಣ್ಣ ಹೇಳಿದ. ನಾನೂ ಹೇಳಿದೆ. ಅವನ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ಅವನು ನನ್ನ ಕಡೆ ನೋಡಿದ್ದು ನೋಡಿದರೆ, ನನ್ನದನ್ನು ಅವನೂ ನಂಬಿದ ಹಾಗೆ ಕಾಣಲಿಲ್ಲ.