ಬಲಗಿವಿಯ ಹತ್ತಿ

ನನ್ನ ಚಿಕ್ಕಮ್ಮ ಚಿಗವ್ವನ ಎಡಗಿವಿಯಲ್ಲಿ ಕಡಲೆಕಾಳಿನಷ್ಟು ಹತ್ತಿ ಇರುತ್ತದೆ, ಬಲಗಿವಿಯಲ್ಲಿ ಇರುವುದಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಕರೆಂಟಿನ ಮಗ್ಗ ನಡೆಸುವವರೆಲ್ಲ ಸಪ್ಪಳಕ್ಕೆ ಹೆದರಿ ಎರಡೂ ಕಿವಿ ಮುಚ್ಚಿಕೊಂಡರೆ, ಅವಳು ಮಾತ್ರ ಒಂದನ್ನು ತೆರೆದಿಡುತ್ತಾಳೆ. ಮಗ ಬಸು ಸೈನ್ಯ ಸೇರಿದ ಮೇಲಿನ ರೂಢಿ ಇದು. ಅವನ ಫೋನು ಯಾವ ಗಳಿಗೆಯಲ್ಲಿ ಬಂದೀತೋ ಯಾರು ಬಲ್ಲರು?

ನಮ್ಮ ಓಣಿಯವರ ದನಿಯ ಬಗ್ಗೆ ತಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಾಳಿಯ ಸದ್ದನ್ನು ದಾಟಿಸಿ ಮಾತಾಡಿ ಪಳಗಿದ ಇವರು ದೇವರಲ್ಲಿ ಗುಟ್ಟಾಗಿ ಬೇಡಿಕೊಂಡದ್ದೂ ಪಕ್ಕದ ಓಣಿಗೆ ಕೇಳುತ್ತದೆ. ಮದುವೆಮನೆಯಲ್ಲಿ ಪಿಸುಗುಟ್ಟಿದರೆ ವಾಲಗದವರು ಬೆಚ್ಚಿ ಬಾರಿಸುವುದನ್ನೇ ನಿಲ್ಲಿಸುತ್ತಾರೆ. ಇಂಥವರ ನಡುವೆ ಹುಟ್ಟಿಯೂ ನಾನು ಮೆಲುದನಿಯವಳಾದದ್ದು ಸೃಷ್ಟಿಯ ವಿನೋದವೇ ಇರಬೇಕು. ಮುಂಡರಗಿಯ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುವಾಗ ಹಿಂದಿನ ಬೆಂಚಿನವರು ನನ್ನ ತುಟಿಯ ಚಲನೆಯನ್ನು ನೋಡಿಯೇ ಟಿಪ್ಪಣಿ ಬರೆದುಕೊಳ್ಳುತ್ತಾರೆ. ವಾಕ್ ಸ್ವಾತಂತ್ರ್ಯದ ಪಾಠವನ್ನೂ ನಾನು ಹೀಗೆ, ಯಾರಿಗೂ ಕೇಳದಂತೆಯೇ ಮಾಡುತ್ತೇನೆ. ಒಂದು ತಟ್ಟೆಯಲ್ಲಿ ದೇಶದ ಭದ್ರತೆ, ಇನ್ನೊಂದರಲ್ಲಿ ನುಡಿಯ ಸ್ವಾತಂತ್ರ್ಯ, ಎರಡೂ ಸಮ ತೂಗಬೇಕು ಎಂದು ಗಾಳಿಯಲ್ಲಿ ಕೈಯಿಂದಲೇ ತಕ್ಕಡಿ ಹಿಡಿದು ತೋರಿಸಿ, ಮಕ್ಕಳು ಕೇಳಬಹುದಾದ ಪ್ರಶ್ನೆಗಿಂತ ಮುಂಚೆ ಬಸ್ಸು ಹತ್ತಿಬಿಡುತ್ತೇನೆ. ದಾರಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಸದ್ದಿಲ್ಲದೆ ತಿರುಗುತ್ತಿರುತ್ತವೆ. ಅರೆನಿದ್ದೆಯ ನನ್ನ ಕಣ್ಣಿಗೆ ಅವು, ಏನನ್ನೋ ಹೇಳಲು ಹೋಗಿ ದನಿ ಹೊರಡದೆ ಬರಿದೇ ಕೈ ಬೀಸುತ್ತಿರುವ ಮನುಷ್ಯರಂತೆ ಕಾಣುತ್ತವೆ.

ಗಡಿಯಲ್ಲಿ ಬಿಸಿ ಏರಿದ ದಿನಗಳ ಒಂದು ರವಿವಾರ, ನಾನು ಚಿಗವ್ವನ ಮನೆಯಲ್ಲಿದ್ದೆ. ಹಿಂದಿನ ದಿನ ಬಸು ಫೋನು ಮಾಡಿ, ತಾಯಿಯ ಅಳುವನ್ನು ತಡೆಯಲಾರದೆ, ತಮ್ಮ ಪಡೆ ಹೊರಟಿರುವ ಊರಿನ ಹೆಸರನ್ನು ಹೇಳಿಬಿಟ್ಟಿದ್ದ. "ಯವ್ವಾ, ಇದನ್ನ ಯಾರ ಮುಂದೂ ಆಡಬ್ಯಾಡ. ನಮ್ಮೆಲ್ಲಾರ ಜೀವದ ಮಾತೈತಿ" ಎಂದೂ ಹೇಳಿದ್ದ. ಒಂದು ರಾತ್ರಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಚಿಗವ್ವ ಮರುದಿನ ಮಧ್ಯಾಹ್ನ ಪಕ್ಕದ ಮಗ್ಗದ ಗಂಗವ್ವನಿಗೆ ಗುಟ್ಟಾಗಿ ಹೇಳಲು ಹೊರಟಳು. ಗುಟ್ಟೆಂದರೆ ನಮ್ಮ ಓಣಿಯ ಗುಟ್ಟು, ಗಂಟಲು ಹರಿಯುವ ದನಿಯದು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು, ಮಾತು ನಿಲ್ಲಲಿಲ್ಲ. ಆ ಊರಿನ ಹೆಸರೂ, ಅದರ ಬೆನ್ನಿಗೇ "ಯಾಕ ಕಳಿಸ್ಯಾರ? ಹಡದಾಕಿಗೆ ಒಂದ್ ಮಾತ್ ಹೇಳಬೇಕೋ ಬ್ಯಾಡೋ?" ಎಂಬ ಪ್ರಶ್ನೆಯೂ ಸದ್ದಡಗಿದ ಓಣಿಯಲ್ಲಿ ಉದ್ದಕ್ಕೂ ನಡೆದುಹೋದವು. (ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ತಾವೂ ಒತ್ತಾಯಿಸಬಾರದು.)

ಆಮೇಲಿನ ನಿಶ್ಶಬ್ದ ನನಗೆ ಕನಸಿನಂತೆ ನೆನಪಿದೆ. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ನೂಲಿನ ದೂಳು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದಂತೆ ತೇಲುತ್ತಿತ್ತು. ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಎದುರು ಕಟ್ಟೆಯ ಮೇಲೆ ಕೂತಿದ್ದ, ವಯಸ್ಸಾಗಿ ನೇಯ್ಗೆ ಬಿಟ್ಟ ಈರಪ್ಪಜ್ಜ ಒಮ್ಮೆ ಕೆಮ್ಮಿದ.

"ಏನ್ ಮಗ್ಗದ ಸಪ್ಪಳಪಾ ಇದು! ಒಂದ್ ಮಾತೂ ಕೇಳವಲ್ದು."

"ಹೌದ್ರಿ ಅಜ್ಜಾರ, ನನಗಂತೂ ಕಿವಿ ಒಡದ ಹೋಗ್ಯಾವ" ಎಂದಳು ಗಂಗವ್ವ.

"ಯಾರೇನಂದ್ರಿ? ಊಟಕ್ಕ ಕರದ್ರೇನು?" ಎಂದು ಮೂಲೆಮನೆಯ ಶಂಕ್ರಣ್ಣ ಕೂಗಿದ. ಒಂದು ಮಗ್ಗವೂ ನಡೆಯದ ಆ ಓಣಿ ಬಿದ್ದು ಬಿದ್ದು ನಕ್ಕಿತು. ಯಾವ ಕಾಯ್ದೆಯೂ ಹೇಳಿಕೊಡದೆ, ಒಂದು ಹೆಸರನ್ನು ಹೀಗೆ ಎಲ್ಲರೂ ಕೂಡಿ ಮರೆತುಬಿಟ್ಟರು.

ಆದರೆ ಅಜ್ಜ ಎದ್ದು ಬಂದು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದ: "ತಂಗೀ, ಆ 'ಯಾಕ' ಅನ್ನೂದನ್ನೂ ನುಂಗಿಬಿಡು. ಇಂಥಾ ಹೊತ್ತಿನ್ಯಾಗ ಹಂಗ ಕೇಳಿದ್ರ ಮಂದಿ ಬ್ಯಾರೇನ ತಿಳಕೋತಾರ." ಪ್ರೀತಿಯಿಂದಲೇ ಹೇಳಿದ್ದ. ಚಿಗವ್ವ ತಲೆಯಾಡಿಸಿ, ಮಗ್ಗದ ಅಂಚಿಗೆ ಅಂಟಿದ್ದ ಹತ್ತಿಯನ್ನು ಚಿವುಟಿ, ಉಂಡೆ ಮಾಡಿ, ಬಲಗಿವಿಗೂ ಇಟ್ಟುಕೊಂಡಳು.

ಸಂಜೆ ಬಸು ಫೋನು ಮಾಡಿದಾಗ ನಾನೇ ಎತ್ತಬೇಕಾಯಿತು. ಚಿಗವ್ವನ ಕೈಗೆ ಕೊಟ್ಟರೆ "ಆರಾಮ ಅದೇನಿ" ಎಂದಷ್ಟೇ ಹೇಳಿ ಮರಳಿಸಿದಳು. "ಅಕ್ಕಾ, ಯವ್ವ ಯಾಕ ಮಾತಾಡವಲ್ಲಳು?" ಎಂದು ಅವನು ಕೇಳಿದ. ಸಮತೋಲನದ ವಿಷಯದಲ್ಲಿ ಪುಟಗಟ್ಟಲೆ ಉತ್ತರ ಬರೆದು ಮೆಚ್ಚುಗೆ ಪಡೆದ ನಾನು "ಮಗ್ಗದ ಸಪ್ಪಳಪಾ, ಏನೂ ಕೇಳವಲ್ದು" ಎಂದು ಫೋನು ಇಟ್ಟೆ.

ಮನೆಯತ್ತ ನಡೆಯುವಾಗ ನನ್ನ ತಕ್ಕಡಿಯನ್ನು ಮತ್ತೆ ಬಿಚ್ಚಿ ನೋಡಿದೆ. ಓಣಿ ಒಂದೇ ಮುಸುಕಿನಲ್ಲಿ ಎರಡು ಮಾತನ್ನು ಮುಚ್ಚಿತ್ತು. ಹೆಸರು ಹೊರಬಿದ್ದರೆ ಬಸುವಿನ ಜೀವಕ್ಕೆ ಕುತ್ತು, ಅದು ಮುಚ್ಚಿರಲಿ. ಆದರೆ 'ಯಾಕೆ' ಎಂಬ ಮಾತು ಯಾವ ವೈರಿಗೆ ಯಾವ ದಾರಿ ತೋರಿಸೀತು? ಅದು ಒಳಗೇ ಉಳಿದರೆ ಕುತ್ತು ಚಿಗವ್ವನಿಗೆ. ಇಷ್ಟು ವರ್ಷ ನಾನು ಇವೆರಡನ್ನೂ ನುಡಿಯ ತಟ್ಟೆಯಲ್ಲಿ ಒಂದೇ ಗಂಟು ಕಟ್ಟಿ ತೂಗುತ್ತಿದ್ದೆ. ಮುಳ್ಳು ನಡುವೆ ನಿಂತದ್ದನ್ನು ಕಂಡು ಜಾಣೆ ಎಂದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಮುಂಡರಗಿಯ ಬಸ್ಸಿಗೆ ಹೊರಟವಳು ಚಿಗವ್ವನ ಮನೆಯ ಮುಂದೆ ನಿಂತೆ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಗಂಗವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಈರಪ್ಪಜ್ಜ ಕಟ್ಟೆಯ ಮೇಲೆ ಚಹಾವನ್ನು ಬಸಿಗೆ ಸುರಿದು ಆರಿಸುತ್ತಿದ್ದ. ಓಣಿಯ ನಡುವೆ ನಿಂತು, ಜನ್ಮದಲ್ಲಿ ಮೊದಲ ಸಲ ಮಗ್ಗದ ದನಿ ತೆಗೆದು ಕೂಗಿದೆ: "ಚಿಗವ್ವಾ, ನಮ್ಮ ಬಸೂನ್ನ ಯಾಕ ಕಳಿಸ್ಯಾರ?"

ಅಜ್ಜನ ಬಸಿ ತುಟಿಯ ಹತ್ತಿರವೇ ನಿಂತಿತು. ಚಿಗವ್ವ ಹೊಸ್ತಿಲಿಗೆ ಬಂದು ನನ್ನ ತುಟಿಯನ್ನೇ ನೋಡಿದಳು. ಆಮೇಲೆ ನಿಧಾನಕ್ಕೆ ಬಲಗಿವಿಯ ಹತ್ತಿಯನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು.

"ಏನಂದಿ? ಇನ್ನೊಮ್ಮಿ ಅನ್ನು."

ಅಂದೆ.